ಲೈನ್‌ಮನ್ ಮನೀಗೂ ಕರೆಂಟಿಲ್ಲ

ಗಾಳಿ ಎದ್ದಿದ್ದು ಮಂಗಳವಾರ ಸಂಜಿಗಿ.
ಇವತ್ತ ಶುಕ್ರವಾರ.
ಹನ್ನೊಂದು ಕಂಬ ಬಿದ್ದಾವಂತ ನಾಲವಾರ ಹಾದಿಗಿ.
ಹನ್ನೊಂದೋ ಹದಿನೇಳೋ,
ಎಣಿಸಿ ಎಬ್ಬಿಸಿ ನಿಂದ್ರಸೂದು ಅವರ ಕೆಲಸ,
ಬಾಗಿಲಿಗಿ ಬಂದವರಿಗಿ ಹೇಳೂದು ನಂದು.

"ಸೈಬಣ್ಣ ಅದಾನೇನು?"
ಇಲ್ರಿ.
"ಯಾವಾಗ ಬರ್ತದಂತ?"
ಅವರೋ, ಕರೆಂಟೋ?
ಎರಡಕ್ಕೂ ನನ್ನ ಬಲ್ಲಿ ಉತ್ತರ ಒಂದೇ.

ಟೇಲರ್ ಗುಂಡೇರಾವ ಹೊಸ್ತಿಲದಾಗ ನಿಂತು
ಒಳಗ ಹಣಿಕಿ ಹಾಕ್ಯಾನ,
ಫ್ಯಾನ್ ತಿರಗ್ಲತ್ತದೇನು ಅಂತ.
ನೋಡಪ್ಪ, ಕಣ್ತುಂಬ ನೋಡು.
ಲೈನ್‌ಮನ್ ಹೇಂತಿ ಅಂದ್ರ
ಸೆರಗಿನ್ಯಾಗ ಫ್ಯೂಸ್ ಕಟಗೊಂಡು ಕುಂತಿರ್ತಾಳಂತ ತಿಳಿದಿದ್ದಿ?

ಮೊದಲನೇ ರಾತ್ರಿ
ಫರಸಿ ಮ್ಯಾಲ ಎರಡು ಕೊಡ ನೀರ ಸುರುವಿ
ಹುಡುಗೂರ್ನ ಬರೀಮೈಲಿ ಮಲಗಿಸಿದ್ದೆ.
ಕಲ್ಲು ಗಟಗಟ ಕುಡಿದು
ಅರ್ಧ ತಾಸಿಗಿ ಮತ್ತ ಹಂಚಿನಂಗ ಕಾಯ್ತು.
ಮೋಟರ್ ಇಲ್ಲಂದ ಮ್ಯಾಲ ನೀರೂ ಇಲ್ಲಲ್ಲ,
ಎರಡನೇ ರಾತ್ರಿ ಒಂದು ಕೊಡ,
ನಿನ್ನಿ ಒಂದು ಚರಗಿ, ಅದೂ ಸಣ್ಣಾಕಿ ಮಲಗೂ ಜಾಗಕ್ಕಷ್ಟೆ.
ಕೂಲರಿನ ಹೊಟ್ಟ್ಯಾಗಿನ ನೀರು ಸಂಡಾಸಿಗಿ ಹೋಯ್ತು.

ಅತ್ತಾಗ ಸಿಮಿಟಿನ ಕಾರ್ಖಾನಿ
ಮದವಿ ಮನಿ ಹಂಗ ಝಗಝಗ.
ಅದರ ಕರೆಂಟ್ ಅದೇ ಮಾಡ್ಕೊಂತದ,
ಧೂಳ ಮಾತ್ರ ನಮಗ ಕೊಡ್ತದ.
ಸೋಲಾಪುರದ ಕಡಿ ಗಾಡಿ ಹೊಂಟ್ರ
ಅದರ ಕಿಟಕಿಗೋಳ ಬೆಳಕ
ನಮ್ಮ ಗೋಡಿ ಮ್ಯಾಲ ಸಾಲಹಿಡಿದು ಓಡ್ತದ.
ಆ ಬೆಳಕಿನ್ಯಾಗ ಪಲ್ಲವಿ
ತಂಗಿ ತಲಿಯಾಗಿನ ಹೇನು ಹುಡುಕ್ತಾಳ,
ಗಾಡಿಗಿ ಒಂದೊ ಎರಡೊ.
"ಅವ್ವ, ಮುಂದಿನ ಗಾಡಿ ಯಾವಾಗ?"

ಸಂಜಿಮುಂದ ಖಾಜಾಬಿ ಒಂದು ಸೀಸೆ ತಂದಳು,
ಅವಳತ್ತಿ ಸಕ್ಕರಿ ಬ್ಯಾನಿ ಇಂಜೆಕ್ಷನ್.
"ನಿಮ್ಮ ಹರವಿ ಭಾಳ ತಣ್ಣಗಿರ್ತದಲ್ಲಕ್ಕಾ."
ಹಸಿ ಅರಿವಿ ಸುತ್ತಿ, ಸ್ಟೀಲಿನ ಡಬ್ಬ್ಯಾಗಿಟ್ಟು
ಮುಚ್ಚಳ ಬಿಗಿ ಮಾಡಿ ಹರವ್ಯಾಗ ತೇಲಿಬಿಟ್ಟೆ.
ಈಗ ನೀರ ತಗೊಂಬಾಗೊಮ್ಮೆ ಟಣ್ ಅಂತದ,
ಯಾರೋ ಒಳಗಿಂದ ಬಾಗಿಲ ಬಡದಂಗ.

ಒಂದು ಮಾತ ಯಾರಿಗೂ ಹೇಳಿಲ್ಲ.
ಕರೆಂಟ್ ಇಲ್ಲದ ರಾತ್ರಿಗೋಳು ನನಗ ನಿದ್ದಿ ಚೆಂದ ಹತ್ತತದ.
ಸೊಳ್ಳಿ ಕಡೀಲಿ, ಬೆವರ ಹರೀಲಿ,
ತಂತಿ ಸತ್ತದಲ್ಲ,
ಅದರ ಮ್ಯಾಲ ಕೈ ಇಟ್ಟವರು
ಮುಂದಿಂದು ಬಾಯಿಲಿ ಅನ್ನಂಗಿಲ್ಲ.
ಹೋದ ವರ್ಷ ಅವರ ಜೋಡಿದಾರ ಮೈಲಾರಿ
ಇನ್ನಾ ಕಂಬದ ಮ್ಯಾಲಿದ್ದ.
ಅತ್ತಾಗಿಂದ ಯಾರೋ ಲೈನ್ ಬಿಟ್ಟರು.
ಊರಾಗ ಅವತ್ತೂ ಹುಡುಗೂರು
ಬಂತೂ ಅಂತ ಚಪ್ಪಾಳಿ ಹೊಡದಿದ್ರು.

ಎರಡೂ ಹತ್ತಕ್ಕ ಬಂತು.
"ಬಂತೂ!" ಓಣಿಗಿ ಓಣಿ ಒದರ್ತು.
ಕೂಲರ್ ಒಣ ಗಂಟಲಿಲಿ ಗುರುಗುಟ್ಟಿತು.
ಯಾರ ಮನ್ಯಾಗೋ ಮಂಗಳವಾರ ಬಂದ್ ಮಾಡಲಾರದ ಬಿಟ್ಟ ಮಿಕ್ಸರ್
ಖಾಲಿನೇ ತಿರಗಿ ತಿರಗಿ ನಿಂತಿತು.
ನಾ ಸತ್ತ ಮೊಬೈಲಿಗಿ ವೈರ್ ಚುಚ್ಚಿ
ಅದು ಕಣ್ಣ ತೆಗಿಯೂತನ
ಗೋಡಿಗಿ ಹಣಿ ಹಚ್ಚಿ ನಿಂತೆ.
ಒಂದು ರಿಂಗು. ಎರಡು. ಮೂರು.
ಗುಂಡೇರಾವನ ಮಿಷನ್ ಆಗಲೇ ಟರ್ ಅನ್ಲತ್ತಿತ್ತು.
ನಾಕು.
"ಹಾಂ, ಹೇಳು."
ಏನಿಲ್ಲ. ಇಳಿದ್ರಿ?
"ಹ್ಞೂಂ."

ಕೋಳಿ ಕೂಗೂದಕ್ಕ ಬಂದ್ರು,
ಕೈಗೆಲ್ಲ ಗ್ರೀಸು, ಕುತ್ತಿಗಿಗಿ ಕೆಸರು.
ಬೂಟ ಸುದ್ದ ಬಿಚ್ಚಲಾರದ ಫರಸಿ ಮ್ಯಾಲ ಅಡ್ಡಾಗಿ,
"ಆ ಲೈಟ್ ಬಂದ್ ಮಾಡ, ಕಣ್ಣಿಗಿ ಹೊಡೀತದ" ಅಂದ್ರು.
ಮಾಡಿದೆ.
ಕತ್ತಲಾಗ ತಡಕಾಡಿ
ಹರವಿಗಿ ಚರಗಿ ಅದ್ದಿದ್ರ
ಟಣ್.
"ಯಾರದು?"
ಖಾಜಾಬಿ ಅತ್ತಿ, ಅಂದೆ.