ಹೊಳ್ಳಿ ಬರೋ ದಾರಿ

ಅಣ್ಣಿಗೇರಿ ರೈಲು ಗೇಟಿನ ಈಚೆ, ಪಂಚರ್ ಅಂಗಡಿ ಮಗ್ಗಲಕ್ಕ
ನನ್ನ ಮೇಜು. ಸುಟ್ಟ ಕಟೌಟು, ಸವದ ಕಾರ್ಬನ್ನು,
ಹಲ್ಲಿಲ್ಲದ ಇಕ್ಕಳ, ಎರಡು ದಿನದ ಹಿಂದಿನ ಚಾದ ಕಪ್ಪು.

ಮೂರನೇ ಸಲ ಬಂದಳು ಶಿವಲೀಲಾ ಹೆಬಸೂರ,
ಸಣ್ಣ ಟ್ರ್ಯಾಕ್ಟರ್ ತಾನ ಹೊಡಕೊಂಡು.
ಹತ್ತಿ ಸಾಲಿನ ನಡುವ ಹಾಯುವಷ್ಟ ಅಗಲ,
ಗಾಲಿಗೆ ಎರಿ ಮಣ್ಣು ರೊಟ್ಟಿ ತಟ್ಟಿಧಂಗ.
ಇಳಿಜಾರಿನ್ಯಾಗ ನಿಲ್ಲಿಸಿದಳು, ಮೂತಿ ರಸ್ತೆ ಕಡೆ ಮಾಡಿ.
ಕೀಲಿಗೆ ಹತ್ತದಿದ್ದರ ಉಳ್ಳಿಸಿ ಹತ್ತಿಸಬೇಕಲ್ಲ,
ಅದು ಆಕೀಗೂ ಗೊತ್ತು, ನನಗೂ ಗೊತ್ತು.

ಮೊದಲ ಸಲ, ಬ್ಯಾಟರಿ ಮುದಿ ಆಗೈತಿ ಅಂದಿದ್ದೆ. ಹೊಸಾದು ಕೊಟ್ಟೆ.
ಎರಡನೇ ಸಲ, ಕಟೌಟ್ ಹೋಗೈತಿ ಅಂದೆ. ಅದೂ ಹೊಸಾದು.
ನೋಡಿ ಹೇಳಿದ್ದಲ್ಲ, ಹೇಳಿ ನೋಡಿದ್ದು.
ದೀಪಾವಳಿ ಗದ್ದಲ ಇತ್ತು ಅಂತ ಈಗ ಅನಬಹುದು.

ಈ ಸಲ ಆಕಿ ಕೈಯಾಗ ಮಗಳ ಗಣಿತದ ನೋಟಬುಕ್,
ಚೀಲದಾಗ ಹುಬ್ಬಳ್ಳಿಯಿಂದ ತಂದ ಹಳದಿ ಮೀಟರ್.
‘ಓದ್ರಿ’ ಅಂದಳು.

    ಮುಂಜಾನೆ ತಣ್ಣಗಿದ್ದಾಗ, ಹನ್ನೆರಡು ಪಾಯಿಂಟ್ ನಾಕು.
    ಇಂಜಿನ್ ಚಾಲೂ, ಹನ್ನೆರಡು ಪಾಯಿಂಟ್ ಎರಡು.
    ರೇಸ್ ಕೊಟ್ಟರೂ ಅದ. ಲೈಟ್ ಹಚ್ಚಿದರ ಇನ್ನೂ ಕೆಳಗ.
    ಕಡ್ಲಿಗೆ ಎಣ್ಣಿ ಹೊಡದು ಬಂದ ಸಂಜಿ, ಹನ್ನೊಂದು ಪಾಯಿಂಟ್ ಒಂಬತ್ತು.

ಬಾಜೂಕ ಪೆನ್ಸಿಲಿನ್ಯಾಗ: ದುಡದಷ್ಟೂ ಸೊರಗತೈತಿ. ಯಾಕ?

ಬೆಲ್ಟ್ ಒತ್ತಿ ನೋಡಿದೆ, ಬಿಗಿ ಇತ್ತು.
ಫ್ಯೂಜ್ ತಗದು ಬೆಳಕಿಗೆ ಹಿಡದೆ, ಎಳಿ ಗಟ್ಟಿ.
ಡೈನಮೋದ ಎರಡೂ ಹಳದಿ ವಾಯರ್ ಬಿಚ್ಚಿ, ಚಾಲೂ ಮಾಡಿ, ಮೀಟರ್ ಹಚ್ಚಿದರ
ರೇಸಿನ ಜೋಡಿ ಏರಿತು, ಇಪ್ಪತ್ತು, ಮೂವತ್ತು.
ಹುಟ್ಟೂದು ಹುಟ್ಟಾಕತ್ತೈತಿ.
ಹುಟ್ಟಿದ್ದು ಮನಿ ಮುಟ್ಟವಲ್ಲದು.

ಆಗ ಆಕಿ ಕೇಳಿದಳು, ಸೆರಗಿಲೆ ಗ್ರೀಸ್ ಒರಸಿಕೋತ:
‘ಹೋಗೋ ವಾಯರ್ ಕೆಂಪಂದು, ಕಾಣತೈತಿ.
ಹೊಳ್ಳಿ ಬರೋದು ಯಾವದರಾಗ?’

ಇಪ್ಪತ್ತೆರಡು ವರ್ಷ ಈ ಮೇಜಿನ ಹಿಂದ ಕುಂತವ ನಾ.
ಅಪ್ಪ ಮೊದಲ ದಿನ ಹೇಳಿದ್ದು ಅದ ಮಾತು:
‘ಅರ್ಥ್ ನೋಡಲೇ. ಅರ್ಥ್ ಇಲ್ದ ಏನೂ ಹತ್ತೂದಿಲ್ಲ.’
ಸಾಲಿ ಬಿಟ್ಟು ಬಂದವಗ ಅದು ಅರ್ಥ ಅಂತನ ಕೇಳಿಸಿತ್ತು,
ಇವತ್ತಿಗೂ ಹಂಗ ಕೇಳಸತೈತಿ.

ಕಪ್ಪು ಕಡ್ಡಿ ಬ್ಯಾಟರಿ ಮೈನಸ್ಸಿಗೆ, ಕೆಂಪು ಕಡ್ಡಿ ಕಟೌಟಿನ ಮೈಗೆ.
ಸೊನ್ನಿ ಬರಬೇಕಾದಲ್ಲೆ ಎರಡೂವರಿ.
ಬಂದ್ ಮಾಡಿ ನಟ್ ಬಿಚ್ಚಿದೆ. ಕೆಳಗ ನೀಲಿ.
ದಪ್ಪನ್ನ, ನುಣ್ಣನ್ನ ನೀಲಿ, ಎರಡು ಕೋಟು,
ಬೋಲ್ಟಿನ ತೂತಿನ ಒಳಗೂ ಬಿಡದಂಗ ಬಳದದ್ದು.

ಒಂದೀಟು ಹೊತ್ತು ಆಕಿ ಮಾತಾಡಲಿಲ್ಲ.
‘ಮಾನೌಮಿಗೆ ನಾನ ಬಳದದ್ದರಿ.
ಎಲ್ಲಾ ಬಿಚ್ಚಿ, ಬ್ರಶ್ ಹಿಡದು, ಎರಡು ರಾತ್ರಿ.
ಚಂದ ಕಾಣಲಿ ಅಂತ.’

ಆ ನೀಲಿ ನಾನೂ ನೋಡಿದ್ದೆ. ಭಾರಿ ಆಗೈತಲ್ರಿ ಗಾಡಿ ಅಂದು
ಹೊಸ ಕಟೌಟು ಅದರ ಮ್ಯಾಲೇನ ಕುಂದರಿಸಿ,
ನಟ್ ಬಿಗಿದು, ರೊಕ್ಕ ಎಣಿಸಿದ್ದೆ.

ಎಮ್ರಿ ಪೇಪರ್ ಹರದು ಒಂದೊಂದು ಚೂರು ಹಿಡದಿವಿ.
ಎಂಟಾಣೆ ಅಗಲದ ಕಬ್ಬಿಣ ಬೆಳ್ಳಗಾಗೂತನ ತಿಕ್ಕಿದಿವಿ,
ಆಕಿ ತಿಕ್ಕಿದ ಕಡೆ ಸಾವಕಾಶ, ಅಂಚಿನ ಬಣ್ಣ ಕೆಡದಂಗ.
ಬಿಗಿದು, ಚಾಲೂ ಮಾಡಿ, ರೇಸ್ ಕೊಟ್ಟೆ.
ಹದಿಮೂರು. ಹದಿಮೂರೂವರಿ.
ಹದಿನಾಕು ಪಾಯಿಂಟ್ ಎರಡಕ್ಕ ಬಂದು ನಿಂತಿತು.

ಎರಡೆರಡು ಚಾ ಕುಡಿಯೂತನ ಓಡಿಸಿದಿವಿ.
ಗದಗಿನ ಕಡೆ ರೈಲು ಹೋತು, ಗೇಟು ಎತ್ತಿದರು.
ಆಕಿ ನೋಟಬುಕ್ಕಿನ್ಯಾಗ ಬರದು ಕೆಳಗ ಎರಡು ಗೆರಿ ಎಳದಳು,
ಗಾಡಿ ಸಪಾಟ ಜಾಗಕ್ಕ ತಂದಳು,
ಬಂದ್ ಮಾಡಿದಳು, ನನ್ನ ಮಾರಿ ನೋಡಿಕೋತ.

ಕೀಲಿ ತಿರುವಿದ ಕೂಡಲೆ ಹತ್ತಿತು.

‘ನನ್ನ ಹಳೇ ಬ್ಯಾಟರಿ ಎಲ್ಲೈತಿ?’
‘ಮೇಜಿನ ಕೆಳಗ.’
‘ಮಾರಿಲ್ಲ?’
‘ಇಲ್ಲ.’
‘ಹಂಗಾದರ ಚಾರ್ಜಿಗೆ ಹಾಕಿಡ್ರಿ. ನಾಳೆ ಬರತೀನಿ.
ಮೀಟರ್ ತರತೀನಿ.’