ಗೇಣು ಟವೆಲ್ಲು

ಸಂಜಿ ಆರರ ಭೋಂಗಾ ಕೂಗಿತು.
ಸಾಲಾಗಿ ನಿಂತೆವು ಗೇಟಿನ ಮುಂದ.
ಡಬ್ಬಿ ತಗದು ತೋರ್ಸು, ಚೀಲಾ ಝಾಡಿಸು,
ದಿನದ ಪದ್ಧತಿ.
ಮಹಾನಂದಾನ ಡಬ್ಬಿಯೊಳಗ
ರೊಟ್ಟಿ ಇರೂ ಜಾಗಾದಾಗ
ಗೇಣು ಟವೆಲ್ಲು ಸಿಕ್ತು.
ಅಂಚು ತಪ್ಪಿದ ಮಾಲು, ನೀಲಿ ಪಟ್ಟಿ,
ತೂಕಕ್ಕ ಹಾಕಿದ್ರ ಎರಡು ರೂಪಾಯಿ ಬಾರದ ಚಿಂದಿ.

ವಾಚಮನ್ ಘೋಡ್ಕೆ ಎತ್ತಿ ಹಿಡಿದ, ಬಾವುಟದಂಗ.
ಯಾಕ ಬೇಕಾಗಿತ್ತು ಇದು?
ಆಕಿ ನೆಲಾ ನೋಡಿದಳು.
ಯಾಕ ಅಂತ ಕೇಳ್ಲಿಕತ್ತೀನಿ.
ಹಿಂದ ನಿಂತ ಬಣ್ಣದ ಖಾತೆಯ ಹುಡುಗರು
ಕಿಸಕ್ಕನೆ ನಕ್ಕರು. ಅವರಿಗೆ ಗೊತ್ತಿತ್ತು.
ಘೋಡ್ಕೆಗೂ ಗೊತ್ತಿತ್ತು, ಅವನ ಮನ್ಯಾಗೂ
ಮೂರು ಹೆಣ್ಣುಮಕ್ಕಳು.
ಗೊತ್ತಿದ್ದೂ ಬಾಯಿ ಬಿಡಿಸಬೇಕಿತ್ತು.
ರಜಿಸ್ಟರದಾಗ ಬರದ: ಕಳವು. ದಂಡ ಇನ್ನೂರು.
ವಳಸಂಗದ ಹುಡುಗಿ, ಹತ್ತೊಂಬತ್ತರ ವಯಸ್ಸು.
ಮರುದಿನ ಬರಲಿಲ್ಲ. ಅದರ ಮರುದಿನಾನೂ.

ನಾನು ಅಂಚು ಹೊಲಿಯಾಕಿ. ಹದಿನಾಕು ವರ್ಷಾತು.
ನಾ ಹೊಲಿದದ್ದನ್ನೆಲ್ಲಾ ಸಾಲಾಗಿ ಹಾಸಿದ್ರ
ಸೊಲ್ಲಾಪುರದಿಂದ ಹೋಟಗಿ ತನಕ
ಮಣ್ಣು ಕಾಣಸೂದಿಲ್ಲ.
ಯಾವ್ದೋ ದುಬೈ ಹೋಟೆಲಿನಾಗ ಯಾರೋ ಒಬ್ಬ
ಅದರಾಗ ಕೈ ಒರಸಿ ಬಿಸಾಕತಾನ.
ಅವಗ ಯಾರೂ ರೊಕ್ಕಾ ಕೇಳೂದಿಲ್ಲ,
ಯಾಕ ಬೇಕು ಅಂತ ಕೇಳೂದಿಲ್ಲ.
ಕೈ ಒದ್ದಿ ಆಗತಾವ, ಒರಸಬೇಕು, ಅಷ್ಟ.
ನಮ್ಮ ಸಂಡಾಸದಾಗೂ ಬಲ್ಬು ಅದ, ನಳಾ ಅದ.
ತಪಾಸಣಿಯವರು ಬಂದ ದಿನ ಸಾಬೂನೂ ಇರತದ.
ಬಲ್ಬಿಗೆ ಬಾಡಿಗಿ ಕೊಡು ಅನ್ನಲಿಲ್ಲ ಯಾರೂ.
ತಿಂಗಳ ನೆತ್ತರು ಒಂದಕ್ಕ ಮಾತ್ರ
ಪಗಾರದಾಗ ಕಂದಾಯ ಕಟ್ಟಬೇಕು.
ಮನ್ಯಾಗ ಮೂವರಿದ್ರ ಮೂರು ಪಾಕೀಟು.
ಜ್ವಾಳಕ್ಕ ಹೋದ ರೊಕ್ಕಾ ತಿರುಗಿ ಬರೂದಿಲ್ಲ.

ಅವ್ವನ ಕಾಲಕ್ಕ ಬೂದಿ ಸುತ್ತಿದ ಅರಿವಿ.
ನನ್ನ ಕಾಲಕ್ಕ ಇದ ಚಿಂದಿ, ಹಸಿ ಬಣ್ಣದ್ದು,
ತೊಡಿ ಸಂದ್ಯಾಗ ನೀಲಿ ಬಿಡತಿತ್ತು.
ಹೌದು, ನಾನೂ ಒಯ್ದೀನಿ.
ಹದಿನಾಕು ವರ್ಷ ಸಿಕ್ಕಿ ಬೀಳಲಿಲ್ಲ, ಇಷ್ಟ ಫರಕು.
ಬೇಕಾದ್ರ ಬರಕೋಳ್ಳಿ ಇದನ್ನೂ.

ಊಟದ ಹೊತ್ತಿನಾಗ ಅರ್ಜಿ ಬರೀಲಿಕ್ಕ ಕುಂತೆವು.
ಗಜ್ಜಂ ಅನಸೂಯಾಗ ತೆಲುಗು, ರಜ್ಜಬ್‌ಬಿಗೆ ಉರ್ದು,
ಆಫೀಸಿಗೆ ಮರಾಠಿ. ಆ ಒಂದು ಶಬ್ದ ಬಂದ ಕೂಡ್ಲೆ
ಎಲ್ಲಾ ಭಾಷಾದಾಗೂ ದನಿ ಇಳಿತು.
ಕಾಗದ ನನ್ನ ಕೈಗೆ ಬಂತು.
ಮುಟ್ಟು
ಅಂತ ಬರದೆ, ದೊಡ್ಡ ಅಕ್ಷರದಾಗ.
ನಮ್ಮಪ್ಪ ಮಗ್ಗದ ಸಾಮಾನಿಗೂ ಮುಟ್ಟು ಅಂತಿದ್ದ.
ಲಾಳಿ, ಹಣಿಗಿ, ಕುಂಚಿಗಿ, ಕಸುಬಿನ ಮುಟ್ಟು.
ಅದನ್ನ ಮಾಲಕ ಕೊಡಬೇಕು,
ಕೂಲಿಯವ ಮನೀಂದ ತರೂದಲ್ಲ.
ಇದೂ ಹಂಗ ಅಂತ ತಿಳೀರಿ, ಸಾಹೇಬ್ರ.
ಸಂಡಾಸದ ಗ್ವಾಡಿಗೆ ಒಂದು ಪೆಟ್ಟಿಗಿ ಹೊಡೀರಿ.
ಕೀಲಿ ಬ್ಯಾಡ. ಚೀಟಿ ಬ್ಯಾಡ.
ಎಷ್ಟು ತಗೊಂಡಿ ಅಂತ ಕೇಳೂ ಮನಿಷ್ಯಾ ಬ್ಯಾಡ.
ಮುಚ್ಚಳಾ ಇರೂ ಬಕೀಟು ಒಂದು. ನಳದಾಗ ನೀರು.
ಮನಿಗೂ ಒಯ್ತಾರಲ್ಲಾ ಅಂತೀರಿ, ಗೊತ್ತದ.
ಒಯ್ಯಲಿ. ಮನ್ಯಾಗ ತಂಗಿ ಇರತಾಳ.
ಮಹಾನಂದಾನ ಇನ್ನೂರು ತಿರುಗಿ ಕೊಡ್ರಿ,
ಕಳವು ಅನ್ನೂದರ ಮ್ಯಾಲ ಗೀಟು ಎಳೀರಿ.
ಕನ್ನಡ ಓದಾಕ ಬರೂದಿಲ್ಲ ಅಂದ್ರ
ಓದಿ ಹೇಳಾಕ ನಾ ಬರತೀನಿ.

ನಲವತ್ತೊಂದು ಸಹಿ, ಹನ್ನೆರಡು ಹೆಬ್ಬೆಟ್ಟು.
ಹೆಬ್ಬೆಟ್ಟಿಗೆ ಪ್ಯಾಡು ಕೇಳಿದೆವು.
ಆಫೀಸಿನವರು ತಡಾ ಮಾಡದ ಕೊಟ್ಟರು, ಪುಕ್ಕಟ.
ಅನಸೂಯಾ ನಕ್ಕ ನಗಿ
ಇಡೀ ಶೆಡ್ಡಿಗೆ ಕೇಳಸ್ತು.

ಇವತ್ತಿಗೆ ಹನ್ನೊಂದು ದಿನ.
ಒಳಗ ಹೋದ ಕಾಗದ ಹೊರಗ ಬಂದಿಲ್ಲ.
ವಳಸಂಗದ ಬಸ್ಸಿನಾಗ ಆಕಿ ಸೀಟು
ಬ್ಯಾರೆ ಯಾರೋ ಹಿಡದಾರ.
ದಿನಾ ಸಂಜಿ ಗೇಟಿನಾಗ ಡಬ್ಬಿ ತಗದು ತೋರಸತೀನಿ,
ತೋರಸತಾ ಕೇಳತೀನಿ ಘೋಡ್ಕೆಗೆ,
ಹಿಂದಿನ ಹುಡುಗರ ಕಿವಿಗೂ ಬೀಳೂಹಂಗ:
ಮುಟ್ಟಿನ ಅರ್ಜಿ
ಮುಟ್ಟಿತೇನು?