ನೂರಾ ನಲವತ್ಮೂರನೆಯ ಪುಟ

ತಿಂಗಳ ಮೊದಲ ಗುರುವಾರ, ವೇಲ್ಸಿನ ಬಾಲಾ ಊರಲ್ಲಿ
ಚಾಪೆಲ್ಲಿನ ಹಿಂಕೋಣೆ. ಏಳು ಕುರ್ಚಿ, ಒಂದು ಹೀಟರು,
ಒಂದೇ ಕಾದಂಬರಿಯ ಏಳು ಪ್ರತಿ.
ಹೆಯಿಲ್ವೆನ್ ಹಳದಿ ಚೀಟಿ ಅಂಟಿಸಿ ಅಂಟಿಸಿ
ತನ್ನದಕ್ಕೆ ಗರಿ ಮೂಡಿಸಿದ್ದಳು.
ಮಾಬ್ಲಿಯದು ಸ್ನಾನದ ತೊಟ್ಟಿಗೆ ಬಿದ್ದು ಉಬ್ಬಿತ್ತು.
ನೆಸ್ಟಾ ಬರುವುದು ಬಿಸ್ಕತ್ತಿಗೆ ಎಂದು
ನಾವು ನಂಬಿದ್ದೆವು; ಅವಳೂ ನಂಬಿಸಿದ್ದಳು.

ಎಲ್ಲರ ಬೆರಳೂ ನಿಂತದ್ದು ಅದೇ ಪುಟದಲ್ಲಿ:
ಕೈಕಾಲು ಸೆಟೆದ, ಮಾತು ತಡೆಯುವ ಕಿರಿಮಗಳನ್ನು
ರಾತ್ರೋರಾತ್ರಿ ದೂರದ ಆಶ್ರಮಕ್ಕೆ ಬಿಟ್ಟು ಬಂದ ಅಪ್ಪ
ಊರಿಗೆ ಹೇಳುತ್ತಾನೆ: ಜ್ವರ ಬಂತು, ಹೋದಳು.
ಪುಟ್ಟ ಪೆಟ್ಟಿಗೆಗೆ ಕಲ್ಲು ತುಂಬಿ ಮೊಳೆ ಹೊಡೆಯುತ್ತಾನೆ.

"ಎಲ್ಲಾದರೂ ಉಂಟೆ!" ಎಂದಳು ಮಾಬ್ಲಿ.
"ಹೆತ್ತವರು ಹೀಗೆ ಮಾಡುತ್ತಾರೆಯೇ?"
ನಾನು, ಚರ್ಚೆ ನಡೆಸುವವಳು, ಕನ್ನಡಕ ಒರೆಸುತ್ತ
ರೂಪಕ, ಎಂದೆ. ಕಲ್ಲು ಎಂದರೆ ಪಾಪದ ಭಾರ.
ಪ್ರಶ್ನೆಪಟ್ಟಿಯಲ್ಲಿ ಹಾಗೇ ಇತ್ತು.

ನೆಸ್ಟಾ ಬಿಸ್ಕತ್ತನ್ನು ಚಹಾಕ್ಕೆ ಅದ್ದಿದಳು.
"ಕಲ್ಲು ಆಗುವುದಿಲ್ಲ. ಹೊರುವಾಗ ಉರುಳುತ್ತದೆ, ಸದ್ದಾಗುತ್ತದೆ.
ನಮ್ಮಪ್ಪ ಉಣ್ಣೆ ತುಂಬಿದ. ಒದ್ದೆ ಉಣ್ಣೆ.
ಆ ವರ್ಷ ಕತ್ತರಿಸಿದ್ದು, ತೊಳೆಯದ್ದು.
ಐದು ವರ್ಷದ ಮಗುವಿನ ತೂಕ ಸರಿಯಾಗಿ ಬರುತ್ತದೆ.
ತೂಗಿದ್ದು ನಾನೇ."

ಬಿಸ್ಕತ್ತು ಮುರಿದು ಲೋಟದೊಳಗೆ ಬಿತ್ತು.
ಅವಳು ಚಮಚಕ್ಕಾಗಿ ತಡಕಾಡಿದಳು. ಯಾರೂ ಕೊಡಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಹೆಯಿಲ್ವೆನ್: "ಏನಿತ್ತು ಹೆಸರು?"

"ಇತ್ತು ಅಲ್ಲ, ಇದೆ. ಐರ್ಲಿಸ್. ಎಪ್ಪತ್ತೊಂದು ಈಗ.
ಭಾನುವಾರ ಬಸ್ಸು ಹತ್ತಿ ಹೋಗುತ್ತೇನೆ,
ಇಲ್ಲಿ ಓದಿದ್ದನ್ನೇ ಅಲ್ಲಿ ಓದಿ ಹೇಳುತ್ತೇನೆ.
ಇಪ್ಪತ್ತು ವರ್ಷದಿಂದ ನಿಮ್ಮ ಆಯ್ಕೆಗಳನ್ನು ಬೈಯುತ್ತಿದ್ದಾಳೆ.
ತಮ್ಮನಿಗೆ ಇನ್ನೂ ಗೊತ್ತಿಲ್ಲ.
ಗರಿಗಳ ಭಾನುವಾರ ತಪ್ಪದೆ ಗೋರಿಗೆ ಹೂವಿಡುತ್ತಾನೆ."

ಮತ್ತೆ ಈ ಪುಸ್ತಕ?

"ಮುಗಿಸಲು ಬಿಡಲಿಲ್ಲ.
ಎಲ್ಲರೂ ಆ ಹುಡುಗಿಗಾಗಿ ಅಳುತ್ತಾರಂತೆ, ಒಬ್ಬರಾದರೂ
ಚಹಾಕ್ಕೆ ಸಕ್ಕರೆ ಎಷ್ಟು ಎಂದು ಅವಳನ್ನು ಕೇಳುವುದಿಲ್ಲವಂತೆ.
ಬರೆದವಳಿಗೆ ಹೇಳು, ಅಂದಳು
(ಅಷ್ಟು ಹೇಳಲು ಕಾಲು ಗಂಟೆ ಹಿಡಿಯಿತು, ನಾನು ಕಾದೆ),
ನನಗೆ ಮೂರು ಚಮಚ."

ಹೀಟರು ಆರಿಸಿದೆ. ಕುರ್ಚಿ ಮಡಚಿದೆ.
ಹೊರಗೆ ಬೇಲಿಯ ಬುಡದಲ್ಲಿ ಮಕ್ಕಳ ಗೋರಿಗಳ ಸಾಲು,
ವರ್ಷಕ್ಕೆರಡು ಸಲ ಅವುಗಳ ಪಾಚಿ ಕೆರೆಯುವವಳು ನಾನೇ.
ಐರ್ಲಿಸ್, ಐದು ವರ್ಷ, ದೇವರ ಮಡಿಲಲ್ಲಿ.
ಎಷ್ಟು ಸಲ ಆ ಅಕ್ಷರ ತಿಕ್ಕಿದ್ದೇನೆ.

ಉಣ್ಣೆ ಮಣ್ಣಾಗಲು ಎಷ್ಟು ವರ್ಷ ಬೇಕೋ.
ಪ್ರಶ್ನೆಪಟ್ಟಿಯಲ್ಲಿ ಇರಲಿಲ್ಲ.